ಬಿಪಿ ಇದ್ದವರು ಬ್ರೆಸ್ಟ್ ರಿಡಕ್ಷನ್‌ಗೆ ತಯಾರಾಗುವುದು ಹೇಗೆ?

ಭುಜದಲ್ಲಿ ಬ್ರಾ ಪಟ್ಟಿ ಕೊರೆದ ಗೆರೆ, ಬಿಡದ ಕತ್ತುನೋವು, ಬೇಸಿಗೆ ಬಂತೆಂದರೆ ಎದೆಯ ಕೆಳಗೆ ಬೆವರುಸಾಲೆ. ಭಾರವಾದ ಸ್ತನಗಳ ಕಷ್ಟ ಹೊತ್ತವರಿಗೇ ಗೊತ್ತು. ಅವನ್ನು ಚಿಕ್ಕದು ಮಾಡುವ ಆಪರೇಷನ್, ಅಂದರೆ ಬ್ರೆಸ್ಟ್ ರಿಡಕ್ಷನ್, ಮಾಡಿಸೋಣ ಎಂದು ಧೈರ್ಯ ಮಾಡುವಷ್ಟರಲ್ಲಿ ಮನೆಯಲ್ಲಿ ಯಾರಾದರೂ 'ನಿನಗೆ ಬಿಪಿ ಬೇರೆ ಇದೆ, ಸುಮ್ನೆ ಇರು' ಅಂದುಬಿಡುತ್ತಾರೆ. ಬಿಪಿ ಇದ್ದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ತೊಂದರೆ ಇರುವುದು ಹತೋಟಿಗೆ ಬಾರದ ಬಿಪಿಯಿಂದ. ಇದು ನಾಳೆಯೇ ಆಗಬೇಕಾದ ಆಪರೇಷನ್ ಅಲ್ಲವಲ್ಲ, ಬಿಪಿ ಇಳಿಯುವವರೆಗೆ ಕಾಯಬಹುದು.

ಮೊದಲು ಡೈರಿ ಬರೆಯಿರಿ

ಮನೆಯಲ್ಲೇ ಒಂದು ವಾರ ಬೆಳಿಗ್ಗೆ, ಸಂಜೆ ಎರಡೆರಡು ಸಲ ಬಿಪಿ ನೋಡಿ ಬರೆದಿಡಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಬೆನ್ನು ಆನಿಸಿ 5 ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿ. ತೋಳು ದಪ್ಪವಿದ್ದರೆ ಅದಕ್ಕೆ ಸುತ್ತುವ ಬಿಪಿ ಯಂತ್ರದ ಪಟ್ಟಿಯೂ ದೊಡ್ಡದೇ ಬೇಕು. ಚಿಕ್ಕದು ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ಡಾಕ್ಟರನ್ನು ಕಂಡೊಡನೆ ಬಿಪಿ ಏರುವವರು ಬಹಳ ಜನ. ಅಂಥವರಿಗೆ ಈ ಡೈರಿಯೇ ಸಾಕ್ಷಿ. 180/110 ದಾಟಿದ್ದರೆ ಸಾಮಾನ್ಯವಾಗಿ ಆಪರೇಷನ್ ಮುಂದೂಡುತ್ತಾರೆ.

ಮಾತ್ರೆಗಳ ಚೀಟಿ

ಜನ ಎಡವುವುದು ಇಲ್ಲೇ. ಆಪರೇಷನ್ ದಿನ ಖಾಲಿ ಹೊಟ್ಟೆ ಎಂದು ಎಲ್ಲ ಮಾತ್ರೆ ಬಿಡುವವರಿದ್ದಾರೆ. ಅದು ತಪ್ಪು. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದರೆ ಬಿಪಿ, ಎದೆಬಡಿತ ಎರಡೂ ಜಿಗಿಯಬಹುದು. ಅವನ್ನೂ ಆಮ್ಲೊಡಿಪಿನ್ ಅನ್ನೂ ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಬೇರೆ ಕಥೆ. ಅರಿವಳಿಕೆ ಕೊಟ್ಟಾಗ ಬಿಪಿ ತೀರಾ ಕುಸಿಯದಿರಲಿ ಎಂದು ಎಷ್ಟೋ ಕಡೆ ಹಿಂದಿನ ದಿನದಿಂದಲೇ ನಿಲ್ಲಿಸುತ್ತಾರೆ. ನಿಮ್ಮ ಮಾತ್ರೆಗೆ ಯಾವ ನಿಯಮ ಎಂಬುದನ್ನು ಅರಿವಳಿಕೆ ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ, ಬೆಳ್ಳುಳ್ಳಿ ಮಾತ್ರೆ, ಮೀನೆಣ್ಣೆ ಎಲ್ಲವನ್ನೂ ಹೇಳಿ. ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ. ಕೆಮ್ಮಿಗೆಂದು ಅಗಿಯುವ ಜೇಷ್ಠಮಧು ಕೂಡ ಜಾಸ್ತಿಯಾದರೆ ಬಿಪಿ ಏರಿಸುತ್ತದೆ, ಇದನ್ನು ಯಾರೂ ಹೇಳುವುದೇ ಇಲ್ಲ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಉಳಿದ ತಯಾರಿ

ಇಸಿಜಿ, ರಕ್ತ, ಕಿಡ್ನಿ ಪರೀಕ್ಷೆ ಇದ್ದದ್ದೇ. 40 ದಾಟಿದವರಿಗೆ ಮ್ಯಾಮೊಗ್ರಾಂ ಮಾಡಿಸುತ್ತಾರೆ. ಸಿಗರೇಟು, ತಂಬಾಕು ಕನಿಷ್ಠ 4 ವಾರ ಮೊದಲೇ ಬಿಡಿ, ಇಲ್ಲದಿದ್ದರೆ ಮೊಲೆತೊಟ್ಟಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮುಂದೆ ಮಗುವಿಗೆ ಹಾಲೂಡಿಸುವ ಯೋಚನೆ ಇದ್ದರೆ ಈಗಲೇ ಮಾತಾಡಿ. ವಿಮೆ ಕಂಪನಿಗಳು ಇದನ್ನು ಅಂದದ ಆಪರೇಷನ್ ಎಂದು ತಳ್ಳಿಹಾಕುವುದುಂಟು. ಕತ್ತುನೋವು, ಚರ್ಮದ ತೊಂದರೆಗಳಿಗೆ ತೋರಿಸಿದ ಹಳೆಯ ಚೀಟಿಗಳನ್ನು ಜೋಡಿಸಿ, ಮೊದಲೇ ಒಪ್ಪಿಗೆ ಕೇಳಿ.

ಆಪರೇಷನ್ ಆದ ಮೇಲೆ

ಮೊದಲ 24 ಗಂಟೆ ಮುಖ್ಯ. ಬಿಪಿ ಏರಿದರೆ ಹೊಲಿಗೆಯೊಳಗೆ ರಕ್ತ ಸೋರಿ ಗಡ್ಡೆಕಟ್ಟಬಹುದು. ನೋವು, ವಾಂತಿ, ಕಟ್ಟಿಕೊಂಡ ಮೂತ್ರ ಎಲ್ಲವೂ ಬಿಪಿ ಏರಿಸುತ್ತವೆ. ಹಾಗಾಗಿ ನೋವು ನುಂಗಿಕೊಂಡು ಮಲಗಬೇಡಿ, ನರ್ಸ್‌ಗೆ ಹೇಳಿ. ಒಂದು ಕಡೆ ಮಾತ್ರ ದಿಢೀರನೆ ಊದಿ, ಬಿಗಿದು, ನೀಲಿಗಟ್ಟಿದರೆ ಮಧ್ಯರಾತ್ರಿಯಾದರೂ ಸರಿ, ಡಾಕ್ಟರನ್ನು ಕರೆಸಿ.

ಮನೆಗೆ ಬಂದ ಮೇಲೂ ಬಿಪಿ ಡೈರಿ ಮುಂದುವರಿಯಲಿ. ನಿಲ್ಲಿಸಿದ್ದ ಮಾತ್ರೆ ಯಾವ ದಿನದಿಂದ ಶುರು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಸುಮಾರು 4ರಿಂದ 6 ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಮುಟ್ಟುವಂತಿಲ್ಲ. ಬಟ್ಟೆ ಒಣಗಿಸುವ ತಂತಿ ಎತ್ತರದಲ್ಲಿದ್ದರೆ ಆ ಕೆಲಸ ಗಂಡನಿಗೋ ಮಗನಿಗೋ ದಾಟಿಸಿ.