ಹಲ್ ಹೌಸ್ ಕಥೆಯನ್ನು ಕನ್ನಡದಲ್ಲಿ ಹೇಳಲು ಕಲಿತದ್ದು

ಹಲ್ ಹೌಸ್ ಹುಡುಕಿಕೊಂಡು ಮೊದಲ ಸಲ ಹೊರಟಾಗ ನಾನು ಹೋಗಿ ನಿಂತದ್ದು ಶಿಕಾಗೋದ ಗ್ರೀಕ್‌ಟೌನ್‌ನಲ್ಲಿ. ಹಳೆಯ ಪುಸ್ತಕದಿಂದ ಬರೆದುಕೊಂಡ ವಿಳಾಸ, 335 ಸೌತ್ ಹಾಲ್‌ಸ್ಟೆಡ್ ಸ್ಟ್ರೀಟ್, ಕೈಯಲ್ಲಿತ್ತು. ಆದರೆ ಎದುರಿಗೆ ಹಳೆಯ ಮನೆಯ ಸುಳಿವೇ ಇಲ್ಲ. ಆ ದಿನ ಹಾಗೆಯೇ ವಾಪಸ್ ಬಂದೆ. ಆಮೇಲೆ ತಿಳಿಯಿತು, 1909ರಲ್ಲಿ ಈ ಊರು ತನ್ನ ಮನೆ ನಂಬರುಗಳನ್ನೆಲ್ಲ ಬದಲಿಸಿ ಹೊಸದಾಗಿ ಹಾಕಿದೆ. ಆಗಿನ 335 ಈಗ 800. ಅಂದರೆ ನಾನು ಇನ್ನು ಹತ್ತು ನಿಮಿಷ ದಕ್ಷಿಣಕ್ಕೆ ನಡೆದು, ಹೆದ್ದಾರಿಯ ಸೇತುವೆ ದಾಟಿ, ಪೋಕ್ ಸ್ಟ್ರೀಟ್ ಮೂಲೆಗೆ ಹೋಗಬೇಕಿತ್ತು. ಹಳೆಯ ಶಿಕಾಗೋದ ಬೀದಿಗಳಲ್ಲಿ ಏನನ್ನಾದರೂ ಹುಡುಕುವವರಿಗೆ ನಾನು ಮೊದಲು ಹೇಳುವ ಮಾತೇ ಇದು: ವಿಳಾಸ 1909ರ ಹಿಂದಿನದೋ ಮುಂದಿನದೋ ನೋಡಿಕೊಳ್ಳಿ.

ಈ ಕೆಲಸಕ್ಕೆ ನಾನು ಕೈಹಾಕಿದ್ದು ನಮ್ಮ ಅಪ್ಪ ಅಮ್ಮನಿಗಾಗಿ. ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬಂದ ಹಿರಿಯರು ಇಲ್ಲಿ ನೋಡುವುದು ಎತ್ತರದ ಕಟ್ಟಡ, ಕೆರೆ, ಮತ್ತೆ ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್. ಅಲ್ಲಿಂದ ಎರಡು ಮೈಲಿಯೊಳಗೆ ಹಲ್ ಹೌಸ್ ಇದೆ. ಬೇರೆ ಬೇರೆ ದೇಶಗಳಿಂದ ಬಂದ ಬಡ ವಲಸಿಗರ ನಡುವೆ ಎದ್ದ ಮನೆ ಅದು. ದೇಶ ಬಿಟ್ಟು ಬಂದ ಮಕ್ಕಳ ತಂದೆ ತಾಯಿಗೆ ಆ ಕಥೆ ಬೇಕಾದೀತು ಅನ್ನಿಸಿತು. ಅವರನ್ನು ಕರೆದುಕೊಂಡು ಹೋಗಿ ಕನ್ನಡದಲ್ಲಿ ಹೇಳೋಣ ಎಂದು ಹೊರಟೆ. ಅವರ ಸ್ನೇಹಿತರು ಸೇರಿಕೊಂಡರು, ಆಮೇಲೆ ಸ್ನೇಹಿತರ ಸ್ನೇಹಿತರು. ಈಗ ಪ್ರತಿ ಬೇಸಿಗೆ ನಾಲ್ಕೈದು ಗುಂಪು ಆಗುತ್ತದೆ.

ಮೊದಲ ತೊಡಕು ಪದದ್ದೇ. ಹಲ್ ಹೌಸ್‌ನಂಥ ಮನೆಗೆ ಇಂಗ್ಲಿಷಿನಲ್ಲಿ ‘ಸೆಟ್ಲ್‌ಮೆಂಟ್ ಹೌಸ್’ ಅನ್ನುತ್ತಾರೆ. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ಸೇವಾಶ್ರಮ’ ಅಂದರೆ ತಪ್ಪು, ‘ಅನಾಥಾಲಯ’ ಅಂದರೆ ಇನ್ನೂ ತಪ್ಪು. 1884ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬಾರ್ನೆಟ್ ದಂಪತಿ ಟಾಯ್ನ್‌ಬಿ ಹಾಲ್ ಶುರು ಮಾಡಿದಾಗ ಅದರ ವಿಚಾರ ಇದು: ಓದಿಕೊಂಡವರು ಬಡವರ ಬೀದಿಗೆ ಬಂದು ಹೋಗುವುದಲ್ಲ, ಅಲ್ಲಿಯೇ ಮನೆ ಮಾಡಿ ನೆರೆಯವರಾಗಿ ಬದುಕಬೇಕು. ಅದನ್ನು ನೋಡಿಬಂದ ಜೇನ್ ಆಡಮ್ಸ್ ಮತ್ತು ಗೆಳತಿ ಎಲೆನ್ ಗೇಟ್ಸ್ ಸ್ಟಾರ್, 1889ರ ಸೆಪ್ಟೆಂಬರ್ 18ರಂದು ಹಾಲ್‌ಸ್ಟೆಡ್ ಬೀದಿಯ ಹಳೆಯ ಬಂಗಲೆಗೆ ಬಂದರು. ಚಾರ್ಲ್ಸ್ ಹಲ್ ಎಂಬಾತ 1856ರಲ್ಲಿ ಕಟ್ಟಿಸಿದ್ದ ಮನೆ. ಅವರು ಬರುವ ಹೊತ್ತಿಗೆ ಅದರ ಒಂದು ಪಕ್ಕ ಹೆಂಡದಂಗಡಿ, ಇನ್ನೊಂದು ಪಕ್ಕ ಶವಸಂಸ್ಕಾರದ ವ್ಯವಸ್ಥೆ ಮಾಡುವವರ ಅಂಗಡಿ. ಮೊದಲ ರಾತ್ರಿ ಪೋಕ್ ಬೀದಿ ಕಡೆಯ ಬಾಗಿಲನ್ನು ಮುಚ್ಚುವುದನ್ನೇ ಮರೆತು ಮಲಗಿದ್ದರಂತೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ವಸ್ತುವೂ ಕಳುವಾಗಿರಲಿಲ್ಲ.

ಇದನ್ನೆಲ್ಲ ನಾನು ಸುತ್ತಿಬಳಸಿ ವಿವರಿಸುತ್ತಿದ್ದಾಗ ಒಬ್ಬ ಅಜ್ಜಿ, “ಅಂದ್ರೆ ಅಲ್ಲಿ ಒಕ್ಕಲಾದ್ರು ಅನ್ನಮ್ಮ” ಅಂದರು. ಮನೆ ಒಕ್ಕಲು, ಒಕ್ಕಲಾಗುವುದು. ನಾನು ವಾರಗಟ್ಟಲೆ ನಿಘಂಟಿನಲ್ಲಿ ಹುಡುಕಿದ ಮಾತು ಅವರ ಬಾಯಲ್ಲೇ ಇತ್ತು. ಅಂದಿನಿಂದ ನಾನು ಹಾಗೆಯೇ ಹೇಳುವುದು.

ತಯಾರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಕ್ಷೆಗಳು. ಹಲ್ ಹೌಸ್‌ನವರು 1895ರಲ್ಲಿ ಪ್ರಕಟಿಸಿದ, ಬಣ್ಣ ತುಂಬಿದ ಎರಡು ನಕ್ಷೆಗಳಿವೆ. ಹಲ್ ಹೌಸ್‌ನಲ್ಲೇ ನೆಲೆಸಿದ್ದ ಫ್ಲಾರೆನ್ಸ್ ಕೆಲ್ಲಿ ಅವರ ಉಸ್ತುವಾರಿಯಲ್ಲಿ, ಸರ್ಕಾರದ ಸಮೀಕ್ಷೆಗಾಗಿ, ಮನೆಮನೆ ಹತ್ತಿ ಇಳಿದು ಸೇರಿಸಿದ ಮಾಹಿತಿ. ಹಾಲ್‌ಸ್ಟೆಡ್‌ನಿಂದ ಸ್ಟೇಟ್ ಸ್ಟ್ರೀಟ್‌ವರೆಗೆ, ಪೋಕ್‌ನಿಂದ 12ನೇ ಬೀದಿಯವರೆಗೆ, ಒಂದು ಚದರ ಮೈಲಿಯ ಮೂರನೇ ಒಂದು ಭಾಗದಷ್ಟು ಜಾಗ. ಅಷ್ಟರಲ್ಲೇ 18 ದೇಶಗಳ ಜನ. ಒಂದು ನಕ್ಷೆ ಯಾರು ಯಾವ ದೇಶದವರು ಅನ್ನುವುದನ್ನು ತೋರಿಸಿದರೆ, ಇನ್ನೊಂದು ಸಂಸಾರದ ವಾರದ ಸಂಪಾದನೆ ತೋರಿಸುತ್ತದೆ. 5 ಡಾಲರಿಗಿಂತ ಹೆಚ್ಚು ಸಿಗದ ಮನೆಗೆ ಕಪ್ಪು, 20 ದಾಟಿದ ಮನೆಗೆ ಹಳದಿ. ಈ ನಕ್ಷೆಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಇಂದಿನ ನಕ್ಷೆಯ ಪಕ್ಕ ಇಟ್ಟು, ಬೀದಿ ಬೀದಿ ಹೊಂದಿಸಿಕೊಂಡೆ. 12ನೇ ಬೀದಿಗೆ ಈಗ ರೂಸ್‌ವೆಲ್ಟ್ ರೋಡ್ ಎಂದು ಹೆಸರು. ಸ್ಯಾನ್‌ಬೋರ್ನ್ ಕಂಪನಿ ಬೆಂಕಿ ವಿಮೆಗಾಗಿ ಮಾಡಿದ ನಕ್ಷೆಗಳನ್ನೂ ನೋಡಿದೆ. ಅವುಗಳಲ್ಲಿ ಇಟ್ಟಿಗೆ ಕಟ್ಟಡ ಗುಲಾಬಿ, ಮರದ ಮನೆ ಹಳದಿ. ಬೀದಿಯಲ್ಲಿ ನಿಂತು “ಇಲ್ಲೊಂದು ಮರದ ಮನೆ ಇತ್ತು” ಎಂದು ಧೈರ್ಯವಾಗಿ ಹೇಳಬೇಕಾದರೆ ಇದು ಬೇಕೇ ಬೇಕು.

ಮೊದಲ ಗುಂಪಿಗೆ ಮೂರು ಗಂಟೆ ಮಾತಾಡಿದೆ. ಆಡಮ್ಸ್ ಹುಟ್ಟಿದ್ದು 1860, ನೊಬೆಲ್ ಶಾಂತಿ ಪ್ರಶಸ್ತಿ 1931, ತೀರಿಕೊಂಡದ್ದು 1935. ಹಲ್ ಹೌಸ್ 13 ಕಟ್ಟಡಗಳಷ್ಟು ದೊಡ್ಡದಾಗಿ ಬೆಳೆದದ್ದು. ಎಲ್ಲವೂ ಸರಿಯಾದ ಮಾಹಿತಿಯೇ. ಜುಲೈ ಬಿಸಿಲು, ಮಂಡಿ ನೋವಿನವರು ಆರು ಜನ. ಕೇಳುತ್ತಿದ್ದವರ ಮುಖ ನೋಡಿಯೇ ಗೊತ್ತಾಯಿತು, ನಾನು ಒಬ್ಬ ಪುಣ್ಯಾತ್ಮಳ ಚರಿತ್ರೆ ಓದುತ್ತಿದ್ದೆ, ಆ ಬೀದಿಯ ಜನ ಅದರಲ್ಲಿ ಎಲ್ಲೂ ಇರಲಿಲ್ಲ. ಮನೆಗೆ ಬಂದು ಬರೆದಿಟ್ಟದ್ದನ್ನೆಲ್ಲ ಬದಿಗಿಟ್ಟೆ. ಆಡಮ್ಸ್ 1910ರಲ್ಲಿ ಬರೆದ ನೆನಪುಗಳನ್ನು ಮತ್ತೆ ಓದಿದೆ. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು: ಬಾಗಿಲಿಗೆ ಬಂದವರು ಏನು ಹೇಳಿದರು, ಯಾವುದನ್ನು ಬೇಡ ಅಂದರು?

ಬೇಡ ಅಂದ ಸಂಗತಿಗಳು ಬೇಕಾದಷ್ಟು ಸಿಕ್ಕವು. ಮೊದಲ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಮಿಠಾಯಿ ಹಂಚಲು ಹೋದರೆ ಕೆಲವು ಪುಟ್ಟ ಹುಡುಗಿಯರು ಮುಟ್ಟಲಿಲ್ಲ. ಅವರು ಮಿಠಾಯಿ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದವರು. ಆರು ವಾರದಿಂದ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದು, ಅದರ ಮುಖ ನೋಡಲೂ ಅವರಿಗೆ ಆಗುತ್ತಿರಲಿಲ್ಲ. ಪೌಷ್ಟಿಕ ಆಹಾರವನ್ನು ಅಗ್ಗದಲ್ಲಿ ಕೊಡುವ ಸಾರ್ವಜನಿಕ ಅಡುಗೆಮನೆ ಶುರುಮಾಡಿದರೆ, ನೆರೆಯವರು ಅಷ್ಟಾಗಿ ಕೊಳ್ಳಲಿಲ್ಲ. ಪುಷ್ಟಿ ಇರಬಹುದು, ನನಗೆ ನನ್ನ ಮನಸ್ಸಿಗೆ ಬಂದದ್ದು ತಿನ್ನಬೇಕು ಅಂದಳಂತೆ ಒಬ್ಬ ಹೆಂಗಸು. ಈ ಮಾತು ಹೇಳಿದಾಗಲೆಲ್ಲ ಗುಂಪಿನಲ್ಲಿ ಯಾರಾದರೂ “ಸರಿಯಾಗಿ ಹೇಳಿದ್ಲು ನೋಡಿ” ಅನ್ನುತ್ತಾರೆ. ಹಲ್ ಹೌಸ್‌ನವರು ಅದನ್ನು ಕೇಳಿಸಿಕೊಂಡರು, ಮರೆಮಾಚದೆ ಬರೆದಿಟ್ಟರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಅದೇ.

ಮಿಠಾಯಿ ಹುಡುಗಿಯರ ಕಥೆಯಿಂದ ಕಾನೂನಿಗೆ ಹೋಗುವುದು ಸುಲಭ. 1893ರಲ್ಲಿ, ವಿವೇಕಾನಂದರು ಈ ಊರಿಗೆ ಬಂದ ವರ್ಷವೇ, ಇಲಿನಾಯ್ ರಾಜ್ಯ 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದು ಕಾನೂನು ಮಾಡಿತು. ಅದಕ್ಕಾಗಿ ದುಡಿದ ಕೆಲ್ಲಿ ಅವರನ್ನೇ ಗವರ್ನರ್ ಆಲ್ಟ್‌ಗೆಲ್ಡ್ ಮುಖ್ಯ ಕಾರ್ಖಾನೆ ಇನ್ಸ್‌ಪೆಕ್ಟರ್ ಮಾಡಿದರು. ಹೆಂಗಸರಿಗೆ ಎಂಟು ಗಂಟೆ ಕೆಲಸ ಎಂಬ ಅದರ ಭಾಗವನ್ನು ರಾಜ್ಯದ ಸುಪ್ರೀಂ ಕೋರ್ಟ್ 1895ರಲ್ಲಿ ಹೊಡೆದುಹಾಕಿತು. ಅದೇ ವರ್ಷ ಆಡಮ್ಸ್ ತಮ್ಮ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆದರು. ಒಂದು ಬೀದಿಯಲ್ಲಿ ಹದಿನೆಂಟು ಅಂಗುಲ ಕಸ ಕೆರೆದ ಮೇಲೆ ಕೆಳಗೆ ಕಲ್ಲುಹಾಸು ಇದ್ದದ್ದು ಗೊತ್ತಾಯಿತು.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಏಂಜೆಲಿನಾ ಕಥೆಗೆ. ಹಳ್ಳಿಯಿಂದ ಬಂದ ಒಬ್ಬ ಮುದುಕಿ ಬೀದಿಯಲ್ಲಿ ಕೂತು ಕೈಯಲ್ಲೇ ನೂಲು ತೆಗೆಯುವುದನ್ನು ಆಡಮ್ಸ್ ಒಂದು ದಿನ ನೋಡಿದರು. ಕಾರ್ಖಾನೆಗೆ ಹೋಗುವ ಮಕ್ಕಳಿಗೆ ತಮ್ಮ ತಾಯಂದಿರ ಕೈಕೆಲಸದ ಬೆಲೆ ಕಾಣಬೇಕು ಅನ್ನಿಸಿ, 1900ರಲ್ಲಿ ಕಸುಬುಗಳ ಮ್ಯೂಸಿಯಂ ತೆರೆದರು. ಇಟಲಿ, ಸಿರಿಯಾ, ಗ್ರೀಸ್, ರಷ್ಯಾ, ಐರ್ಲೆಂಡ್‌ನಿಂದ ಬಂದ ಹೆಂಗಸರು ಅಲ್ಲಿ ಕೂತು ನೂಲುತ್ತಿದ್ದರು. ಏಂಜೆಲಿನಾ ಎಂಬ ಹುಡುಗಿ ಅದೇ ಹೊತ್ತಿಗೆ ಅಡುಗೆ ತರಗತಿಗೆ ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿದ, ದಪ್ಪ ಬೂಟಿನ ತಾಯಿಯ ಜೊತೆ ಕಾಣಿಸಿಕೊಳ್ಳಲು ನಾಚಿಕೆ. ತಾಯಿ ಒಂದು ಬಾಗಿಲು, ಮಗಳು ಇನ್ನೊಂದು ಬಾಗಿಲು. ಒಂದು ಸಂಜೆ ನೋಡುತ್ತಾಳೆ, ಅಮ್ಮನ ಸುತ್ತ ಓದಿದ ಜನರ ಗುಂಪು, ಎಲ್ಲರೂ ಅವಳ ಕೈಚಳಕ ಹೊಗಳುತ್ತಿದ್ದಾರೆ. ಆಮೇಲೆ ತಾಯಿ ಮಗಳು ಒಂದೇ ಬಾಗಿಲಿನಿಂದ ಬರತೊಡಗಿದರು.

ಆ ಕಥೆ ಮೊದಲ ಸಲ ಹೇಳಿದ ದಿನ ಯಾರೂ ತಕ್ಷಣ ಮಾತಾಡಲಿಲ್ಲ. ಆಮೇಲೆ ರಾಣೆಬೆನ್ನೂರಿನ ಕಡೆಯ ಒಬ್ಬರು ತಮ್ಮ ಶಾಲೆಯ ತಕಲಿ ಕ್ಲಾಸನ್ನು ನೆನೆಸಿಕೊಂಡರು. ಹಂಜಿ ಹಿಡಿಯುವ ಬೆರಳು ಹೇಗಿರಬೇಕು, ಲಡಿ ಹೇಗೆ ಸುತ್ತಬೇಕು ಅನ್ನುವುದನ್ನು ಬರಿಗೈಯಲ್ಲೇ ತೋರಿಸಿದರು. ಪಕ್ಕದಲ್ಲಿದ್ದ ಅವರ ಮೊಮ್ಮಗಳು ಅದನ್ನು ನೋಡುತ್ತಲೇ ನಿಂತಿದ್ದಳು. ಮುಂದಿನ ವರ್ಷ ಬರುವಾಗ ಅವರು ನನಗೊಂದು ತಕಲಿ ತಂದುಕೊಟ್ಟರು. ಅದು ಈಗ ನನ್ನ ಚೀಲದಲ್ಲೇ ಇರುತ್ತದೆ. ಏಂಜೆಲಿನಾ ಕಥೆ ಮುಗಿದ ಮೇಲೆ ಗುಂಪಿನ ಕೈಗೆ ಕೊಡುತ್ತೇನೆ. ಹತ್ತು ಜನರಲ್ಲಿ ಇಬ್ಬರಿಗಾದರೂ ನೂಲು ಬರುತ್ತದೆ.

“ಆ ಜನ ಎಲ್ಲಿ ಹೋದರಮ್ಮ?” ಅನ್ನುವುದು ಪ್ರತಿ ಗುಂಪಿನ ಪ್ರಶ್ನೆ. ಸುತ್ತ ನೋಡಿದರೆ ಕಾಣುವುದು ಇಲಿನಾಯ್ ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡಗಳು. 1961ರಲ್ಲಿ ಮೇಯರ್ ರಿಚರ್ಡ್ ಡೇಲಿ ಈ ಜಾಗವನ್ನು ಕ್ಯಾಂಪಸ್ಸಿಗೆ ಆರಿಸಿದರು. ಇಟಲಿಯಿಂದ ಬಂದ ದರ್ಜಿಯ ಮಗಳು, ಬಾಲ್ಯದಿಂದ ಹಲ್ ಹೌಸ್‌ಗೆ ಬರುತ್ತಿದ್ದ ಫ್ಲಾರೆನ್ಸ್ ಸ್ಕಾಲಾ, ನೆರೆಯ ಹೆಂಗಸರನ್ನು ಕಟ್ಟಿಕೊಂಡು ಮೇಯರ್ ಕಚೇರಿಯಲ್ಲಿ ಧರಣಿ ಕೂತರು, ಕೋರ್ಟಿಗೂ ಹೋದರು. ಗೆಲ್ಲಲಿಲ್ಲ. 1963ರಲ್ಲಿ ಕೆಡವಲು ಶುರುವಾಯಿತು, ಸಾವಿರಾರು ಜನ ಮನೆ ಬಿಟ್ಟರು, 1965ರಲ್ಲಿ ಕ್ಯಾಂಪಸ್ ತೆರೆಯಿತು. ಉಳಿದದ್ದು ಹಲ್ ಅವರ ಹಳೆಯ ಮನೆ, ಜೊತೆಗೆ ಊಟದ ಮನೆ. ಅದು ಈಗ ಮ್ಯೂಸಿಯಂ. ಹಲ್ ಹೌಸ್ ಸಂಸ್ಥೆ ನಗರದ ಬೇರೆ ಕಡೆಗಳಲ್ಲಿ ಕೆಲಸ ಮುಂದುವರಿಸಿ, 2012ರ ಜನವರಿಯಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು.

ಮೊದಲು ನಾನು ಮ್ಯೂಸಿಯಂನಲ್ಲೇ ಮುಗಿಸುತ್ತಿದ್ದೆ. ಈಗ ನಡೆಯಲು ಆಗುವವರನ್ನು ಟೇಲರ್ ಸ್ಟ್ರೀಟ್‌ಗೆ ಕರೆದೊಯ್ಯುತ್ತೇನೆ. ಆಗದವರಿಗೆ ಕಾರು ಇರುತ್ತದೆ. ಒಟ್ಟು ಒಂದೂವರೆ ಗಂಟೆ, ನಾಲ್ಕೇ ಕಡೆ ನಿಲ್ಲುವುದು, ಪ್ರತಿ ಕಡೆಯೂ ಕೂರಲು ಜಾಗ ಇದೆಯೇ ಎಂದು ಮೊದಲೇ ಹೋಗಿ ನೋಡಿಬರುತ್ತೇನೆ. ಸ್ಕಾಲಾ ಅವರ ತಂದೆಯ ದರ್ಜಿ ಅಂಗಡಿ ಇದ್ದದ್ದು ಈ ಬೀದಿಯಲ್ಲೇ. ಮುಂದೆ ಅದೇ ಕಟ್ಟಡದಲ್ಲಿ ಅವರು ಹೋಟೆಲ್ ನಡೆಸಿದರು, 2007ರಲ್ಲಿ ತೀರಿಕೊಂಡರು. ನಾನು ಗುಂಪನ್ನು ಅಲ್ಲಿ ನಿಲ್ಲಿಸಿ, ಎಲ್ಲೂ ಹೋಗದೆ ಉಳಿದ ಒಬ್ಬರ ಮನೆ ಇದು ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಆಗ ಯಾರಾದರೂ ಫೋನ್ ತೆಗೆದು, ಊರಲ್ಲಿ ತಾವು ಬಿಟ್ಟುಬಂದ ಮನೆಯ ಫೋಟೋ ತೋರಿಸುತ್ತಾರೆ.