ನಮ್ಮ ಬಿ.ಕಾಂ. ಹುಡುಗರ 4321 ಬ್ಯಾಚು

ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಪ್ಲೇಸ್‌ಮೆಂಟ್ ಕೆಲಸವೂ ನನ್ನ ತಲೆಗೇ. ಅಂದರೆ ವರ್ಷಕ್ಕೊಂದು ಉದ್ಯೋಗ ಮೇಳ, ಒಂದು ಬ್ಯಾನರ್, ಮರುದಿನದ ಪೇಪರಿನಲ್ಲಿ ಒಂದು ಫೋಟೊ. ಫೋಟೊದಲ್ಲಿದ್ದ ಹುಡುಗರಿಗೆ ಕೆಲಸ ಸಿಕ್ಕಿತಾ ಅಂತ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೇಳುವ ಹಾಗೆ ಮಾಡಿದ್ದು ಒಂದು ಇಂಟರ್‌ವ್ಯೂ. ತುಮಕೂರು ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಫೈನಲ್ ಬಿ.ಕಾಂ.ನ ಆರು ಜನರನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರ ಫೈಲಿನಲ್ಲೂ ಟ್ಯಾಲಿ ಅನ್ನುವ ಅಕೌಂಟ್ಸ್ ಸಾಫ್ಟ್‌ವೇರಿನ ಸರ್ಟಿಫಿಕೇಟ್. ಸ್ಟೋರ್ಸ್ ನೋಡಿಕೊಳ್ಳುವವರು ಮೇಜಿನ ಮೇಲೆ ಮೂರು ಕಾಗದ ಇಟ್ಟರು. ಪರ್ಚೇಸ್ ಆರ್ಡರ್‌ನಲ್ಲಿ 500 ಪೀಸ್. ಸಪ್ಲೈಯರ್ ಬಿಲ್ಲಿನಲ್ಲಿ 500. ಮಾಲು ಇಳಿಸುವಾಗ ಎಣಿಸಿ ಬರೆದ ಚೀಟಿಯಲ್ಲಿ 488. "ಎಷ್ಟು ಎಂಟ್ರಿ ಮಾಡ್ತೀಯಮ್ಮ?" ಅಂದರು. ಕ್ಲಾಸಿಗೇ ಫಸ್ಟ್ ಬರುವ ಹುಡುಗಿ, "500 ಸರ್, ಬಿಲ್ಲಲ್ಲಿ ಅಷ್ಟೇ ಇದೆಯಲ್ಲ" ಅಂದಳು.

ಸ್ಟಾಕಿಗೆ 488 ತಗೊಂಡು, 12 ಕಡಿಮೆ ಬಂದಿದೆ ಅಂತ ಪರ್ಚೇಸ್‌ನವರಿಗೆ ಹೇಳಿ, ಆ 12ರ ದುಡ್ಡನ್ನು ಸಪ್ಲೈಯರ್ ಲೆಕ್ಕದಿಂದ ಕಳೆಯುವ ಡೆಬಿಟ್ ನೋಟ್ ಹಾಕಿಸಬೇಕಿತ್ತು. ಡೆಬಿಟ್ ನೋಟ್ ಅಂದರೇನು ಅಂತ ಪರೀಕ್ಷೆಯಲ್ಲಿ ಕೇಳಿದ್ದರೆ ಅವಳು ಐದು ಮಾರ್ಕಿಗೆ ಚೆನ್ನಾಗಿ ಬರೆಯುತ್ತಿದ್ದಳು. ಪಾಠ ಮಾಡಿದವನು ನಾನೇ ಅಲ್ವಾ.

ಸ್ಟೋರ್ಸ್‌ನವರು ಬೈಯಲಿಲ್ಲ. "ಮೇಷ್ಟ್ರೇ, ಟ್ಯಾಲಿ ನಾವು ವಾರದಲ್ಲಿ ಕಲಿಸ್ಕೋತೀವಿ. ಇದನ್ನ ನೀವು ಕಲಿಸಿ ಕಳಿಸ್ಬೇಕಿತ್ತು" ಅಂದರು.

ನಮ್ಮ ಜಿಲ್ಲೆಯಲ್ಲಿ ಡಿಗ್ರಿ ಹುಡುಗರಿಗೆ ನಿಜವಾಗಿ ಯಾವ ಕೆಲಸ ಇದೆ, ಅದಕ್ಕೆ ಏನು ಬರಬೇಕು ಅನ್ನುವ ಪ್ರಶ್ನೆ ಹೊತ್ತು ಊರಿಗೆ ವಾಪಸ್ ಬಂದವನು ಮೊದಲು ಕೈ ಹಾಕಿದ್ದು ದೊಡ್ಡ ಡೇಟಾಗೆ. ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್, ಅಂದರೆ ದುಡಿಮೆಗಾರರ ಸಮೀಕ್ಷೆ, 2017ರಿಂದ ನಡೆಯುತ್ತಿದೆ. ಅದರ ಕಚ್ಚಾ ಡೇಟಾ ಬಿಟ್ಟಿಯಾಗಿ ಸಿಗುತ್ತದೆ. ಎರಡು ರಾತ್ರಿ ಕೂತು ಇಳಿಸಿಕೊಂಡೆ. ತುಮಕೂರು ಜಿಲ್ಲೆ ಅಂತ ಫಿಲ್ಟರ್ ಹಾಕಿ, ಅದರಲ್ಲಿ ಡಿಗ್ರಿ ಓದಿದವರು, ಅದರಲ್ಲಿ ವಯಸ್ಸು ಅಂತ ಸೋಸುತ್ತಾ ಹೋದರೆ ಉಳಿದಿದ್ದು ಬೆರಳಲ್ಲಿ ಎಣಿಸುವಷ್ಟು ಸಾಲು. ಎಕನಾಮಿಕ್ಸ್ ವಿಭಾಗದ ಸಹೋದ್ಯೋಗಿ ನೋಡಿ ನಕ್ಕರು. ಆ ಸ್ಯಾಂಪಲ್ಲು ರಾಜ್ಯದ ಲೆಕ್ಕಕ್ಕೆ ಸರಿ, ಜಿಲ್ಲೆಯ ಲೆಕ್ಕಕ್ಕೆ ಅಲ್ಲ ಅಂದರು. 2025ರ ಜನವರಿಯಿಂದ ಸ್ಯಾಂಪಲ್ ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ನಾನು ಒದ್ದಾಡಿದ್ದು ಅದಕ್ಕಿಂತ ಮುಂಚೆ. ಓದಿದಷ್ಟೂ ನಿರುದ್ಯೋಗ ಜಾಸ್ತಿ ಅನ್ನುವುದನ್ನಂತೂ ಆ ಸಮೀಕ್ಷೆ ಸ್ಪಷ್ಟವಾಗಿ ತೋರಿಸುತ್ತಿತ್ತು. ನನ್ನ ಪ್ರಶ್ನೆಗೆ ಅದು ಉತ್ತರ ಆಗಲಿಲ್ಲ.

ಹಾಗಾಗಿ ಚಿಲ್ಲರೆ ಡೇಟಾಗೆ ಇಳಿದೆ. ಕೆಲಸದ ಜಾಹೀರಾತುಗಳು. ಕೇಂದ್ರ ಸರ್ಕಾರದ ಉದ್ಯೋಗ ತಾಣವಾದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್, ಎರಡು ಖಾಸಗಿ ಜಾಬ್ ಸೈಟು, ಲೋಕಲ್ ಪೇಪರಿನ ಕ್ಲಾಸಿಫೈಡು, ಊರಿನ ವಾಟ್ಸಾಪ್ ಗ್ರೂಪು, ಕಾರ್ಖಾನೆ ಗೇಟಿಗೆ ಅಂಟಿಸಿದ ಚೀಟಿ. ಗೇಟಿನ ಚೀಟಿಯ ಫೋಟೊ ತೆಗೆಯಲು ಆ ಕಡೆಯಿಂದ ಬರುವ ಹುಡುಗರಿಗೇ ಹೇಳಿದೆ. ಮೂರು ತಿಂಗಳಿಗೆ ನಾನೂರರ ಹತ್ತಿರ ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸುಮ್ನೆ ಎಣಿಸಿದರೆ ಜಾಹೀರಾತು ಸುಳ್ಳು ಹೇಳುತ್ತದೆ. ಒಂದೇ ಕೆಲಸವನ್ನು ಮೂರು ಕನ್ಸಲ್ಟೆನ್ಸಿಗಳು ಹಾಕಿರುತ್ತವೆ. ತುಮಕೂರು ಅಂತ ಬರೆದು ಬೆಂಗಳೂರಿನಲ್ಲಿ ಜಾಯಿನ್ ಆಗಿ ಅನ್ನುತ್ತಾರೆ. ಟೆಲಿಕಾಲರ್ ಜಾಹೀರಾತು ತಿಂಗಳು ತಿಂಗಳೂ ಬರುತ್ತದೆ. ಕೆಲಸ ಜಾಸ್ತಿ ಇದೆ ಅಂತಲ್ಲ, ಅಲ್ಲಿ ಯಾರೂ ನಿಲ್ಲುವುದಿಲ್ಲ ಅಂತ. ಇವನ್ನೆಲ್ಲ ಕಳೆದು, ಫೋನ್ ಮಾಡಿ ಖಾತ್ರಿ ಮಾಡಿಕೊಂಡು ನೋಡಿದರೆ ನನ್ನ ಪಟ್ಟಿ ಅರ್ಧಕ್ಕಿಂತ ಕಡಿಮೆ ಆಯಿತು.

ಆಮೇಲೆ ಹೆಸರುಗಳ ಗೊಂದಲ. ಒಬ್ಬರು ಸ್ಟೋರ್ ಅಸಿಸ್ಟೆಂಟ್ ಅಂತಾರೆ, ಇನ್ನೊಬ್ಬರು ಇನ್‌ವೆಂಟರಿ ಎಕ್ಸಿಕ್ಯುಟಿವ್, ಮತ್ತೊಬ್ಬರು ಡಿಸ್ಪ್ಯಾಚ್ ಕ್ಲರ್ಕ್. ಕೆಲಸ ಹೆಚ್ಚುಕಮ್ಮಿ ಅದೇ. ಇದಕ್ಕೆ ಸರ್ಕಾರದ್ದೇ ಒಂದು ಉದ್ಯೋಗ ವರ್ಗೀಕರಣ ಇದೆ, ಎನ್‌ಸಿಒ 2015. ಪ್ರತಿ ಕೆಲಸಕ್ಕೂ ಎಂಟು ಅಂಕಿಯ ಕೋಡು. ನಾನು ಮೊದಲ ನಾಲ್ಕು ಅಂಕಿ ಮಾತ್ರ ಇಟ್ಟುಕೊಂಡೆ. 4311 ಅಂದರೆ ಅಕೌಂಟ್ಸ್ ಕ್ಲರ್ಕುಗಳು. 4321 ಅಂದರೆ ಸ್ಟಾಕ್ ಕ್ಲರ್ಕುಗಳು. ಒಂದೊಂದು ಜಾಹೀರಾತಿಗೂ ಕೋಡು ಹಾಕುತ್ತಾ ಹೋದಾಗ ನಮ್ಮ ಜಿಲ್ಲೆಯೊಳಗಿನ ಕೆಲಸಗಳಲ್ಲಿ 4321 ಮುಂದಿತ್ತು. ನಾವು ವರ್ಷಗಟ್ಟಲೆ ಹುಡುಗರನ್ನು ತಯಾರು ಮಾಡಿದ್ದು 4311ಕ್ಕೆ. ಅದೂ ಅರ್ಧಂಬರ್ಧ.

ಇನ್ನೊಂದು ತಮಾಷೆ ಕೇಳಿ. ಎಲ್ಲ ಜಾಹೀರಾತಿನಲ್ಲೂ "ಜಿಎಸ್‌ಟಿ ಗೊತ್ತಿರಬೇಕು" ಅಂತ ಇರುತ್ತದೆ. ಏನು ಗೊತ್ತಿರಬೇಕು ಸ್ವಾಮಿ ಅಂತ ಹತ್ತಾರು ಜನರನ್ನು ಕೇಳಿದೆ. ಆಡಿಟರ್ ಆಫೀಸಿನವರಿಗೆ ಸಪ್ಲೈಯರ್ ಬಿಲ್ಲುಗಳ ಪಟ್ಟಿಯಾದ 2ಬಿ ತಾಳೆ ನೋಡಿ, ತೆರಿಗೆ ರಿಟರ್ನ್ ಆದ 3ಬಿ ತುಂಬಲು ಬಂದರೆ ಸಾಕು. ಡಿಸ್ಪ್ಯಾಚ್‌ನವರಿಗೆ ಬೇಕಿದ್ದು ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಇ-ವೇ ಬಿಲ್. 50,000 ರೂಪಾಯಿ ದಾಟಿದ ಮಾಲಿಗೆ ಅದು ಬೇಕು, ಲಾರಿ ನಂಬರನ್ನು ಅದರ ಎರಡನೇ ಭಾಗ, ಪಾರ್ಟ್ ಬಿಯಲ್ಲಿ ಹಾಕಬೇಕು, ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಅದನ್ನು ತಿದ್ದಬೇಕು. 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದವರಿಗೂ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲು, ಬಂತು. ಅಲ್ಲಿಯವರೆಗೆ ಕೈಬಿಲ್ಲು ಬರೆಯುತ್ತಿದ್ದ ಸಣ್ಣ ಯೂನಿಟ್ಟುಗಳೂ ಹುಡುಗರನ್ನು ಹುಡುಕತೊಡಗಿದವು. ನಮ್ಮ ಪುಸ್ತಕದಲ್ಲಿ ಜಿಎಸ್‌ಟಿಯ ಇತಿಹಾಸವೇ ಎಷ್ಟೋ ಪುಟ ಇದೆ.

ಸಿಲಬಸ್ ಬದಲಾಯಿಸೋಣ ಅಂದರೆ ನಮ್ಮದು ಅಫಿಲಿಯೇಟೆಡ್ ಕಾಲೇಜು, ಸಿಲಬಸ್ಸು ಯೂನಿವರ್ಸಿಟಿಯದು. ಮೇಲಾಗಿ 2021ರಲ್ಲಿ ಎನ್‌ಇಪಿ, ಅಂದರೆ ಹೊಸ ಶಿಕ್ಷಣ ನೀತಿ ಅಂತ ಒಂದು ಸಲ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು. ಆ ಗದ್ದಲದಲ್ಲಿ ನಮ್ಮ ಮಾತು ಯಾರಿಗೆ ಬೇಕು? ಆದರೆ ಒಂದು ಸಂದು ಇತ್ತು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ತೋರಿಸಲು ಬಹಳಷ್ಟು ಕಾಲೇಜುಗಳು 30 ಗಂಟೆಯ ಒಂದು ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತವೆ. ನಮ್ಮಲ್ಲಿ ಆ ಜಾಗದಲ್ಲಿ ಟ್ಯಾಲಿ ಕೂತಿತ್ತು. ಪ್ರಿನ್ಸಿಪಾಲರ ಮುಂದೆ ನನ್ನ ಶೀಟು ಬಿಚ್ಚಿಟ್ಟು ಟ್ಯಾಲಿಯನ್ನು 8 ಗಂಟೆಗೆ ಇಳಿಸೋಣ ಅಂದೆ. "ಅಡ್ಮಿಷನ್ ಪಾಂಪ್ಲೆಟ್‌ನಲ್ಲಿ ಟ್ಯಾಲಿ ಅಂತ ಹಾಕಿದೀವಲ್ರೀ" ಅಂದರು. ಪಾಂಪ್ಲೆಟ್ ಹಾಗೇ ಇರಲಿ ಅಂದೆ. ಒಪ್ಪಿದರು.

ಉಳಿದ 22 ಗಂಟೆಯಲ್ಲಿ ಹೆಚ್ಚಿನದು ಎಣಿಕೆ. ನಿಜವಾದ ಎಣಿಕೆ. ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಸೈಜಿನ ಬೋಲ್ಟು ತಂದು ಡಬ್ಬಗಳಲ್ಲಿ ತುಂಬಿಟ್ಟೆ. ಡಬ್ಬದ ಜೊತೆ ಆರ್ಡರ್, ಬಿಲ್ಲು ಎರಡೂ ಇರುತ್ತವೆ. ಎರಡಕ್ಕೂ ಡಬ್ಬಕ್ಕೂ ತಾಳೆ ಬರದ ಹಾಗೆ ನಾನೇ ಮಾಡಿಟ್ಟಿರುತ್ತೇನೆ. ಕೆಲವು ಡಬ್ಬದಲ್ಲಿ ಎಣಿಕೆ ಸರಿ ಇದ್ದು ಸೈಜೇ ಬೇರೆ. ಹುಡುಗರು ಎಣಿಸಿ, ಎಕ್ಸೆಲ್‌ಗೆ ಹಾಕಿ, ವ್ಯತ್ಯಾಸ ಹುಡುಕಿ, ಸಪ್ಲೈಯರ್‌ಗೆ ನಾಲ್ಕು ಸಾಲಿನ ಮೇಲ್ ಬರೆಯಬೇಕು. ಕಷ್ಟ ಆಗಿದ್ದು ಎಕ್ಸೆಲ್ ಅಲ್ಲ, ಆ ನಾಲ್ಕು ಸಾಲು. ಅಸಲಿ ಇ-ವೇ ಪೋರ್ಟಲ್‌ನಲ್ಲಿ ಪ್ರಾಕ್ಟೀಸ್ ಮಾಡಿಸುವ ಹಾಗಿಲ್ಲ, ಆದ್ದರಿಂದ ಸ್ಕ್ರೀನಿನ ಚಿತ್ರ ಪ್ರಿಂಟ್ ಹಾಕಿಸಿ ಪೆನ್ಸಿಲ್‌ನಲ್ಲಿ ತುಂಬಿಸಿದೆ. ಹುಡುಗರೇ ತಮ್ಮ ವಾಟ್ಸಾಪ್ ಗ್ರೂಪಿಗೆ "4321" ಅಂತ ಹೆಸರಿಟ್ಟುಕೊಂಡರು.

ಮೊದಲ ವರ್ಷ ಒಂಬತ್ತು ಜನ ಆಯ್ಕೆಯಾದರು, ಕೆಲವರು ಅಪ್ರೆಂಟಿಸ್ ಆಗಿ. 30 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಅಪ್ರೆಂಟಿಸ್ ತಗೊಳ್ಳುವುದು ಕಡ್ಡಾಯ ಅನ್ನುವುದು ಕಂಪನಿ ಬಾಗಿಲು ತಟ್ಟುವಾಗ ಬಹಳ ಉಪಯೋಗಕ್ಕೆ ಬಂತು.

ಎರಡು ತಿಂಗಳಿಗೆ ನಾಲ್ಕು ಹುಡುಗಿಯರು ಬಿಟ್ಟರು. ಕಲಿಕೆಯಲ್ಲಿ ಏನೋ ಕೊರತೆ ಅಂದುಕೊಂಡು ಅವರ ಮನೆಗೇ ಹೋದೆ. ಒಬ್ಬಳ ಅಮ್ಮ ಕಾಫಿ ಕೊಡುತ್ತಾ, "ಕೆಲ್ಸ ಚೆನ್ನಾಗೇ ಇತ್ತು ಸಾರ್. ಸಂಜೆ ಬಸ್ಸಿಲ್ಲ. ಹೈವೇ ಪಕ್ಕ ನಿಂತ್ಕೊಂಡು ಬರ್ತಾ ಇತ್ತು ಮಗು" ಅಂದರು. ಜಾಹೀರಾತು, ಕೋಡು, ಸಂಬಳ, ಕೌಶಲ ಎಲ್ಲದಕ್ಕೂ ನನ್ನ ಶೀಟಿನಲ್ಲಿ ಕಾಲಂ ಇತ್ತು. ಬಸ್ಸಿಗೆ ಇರಲಿಲ್ಲ.

ಈಗ ಇದೆ. ಶಿಫ್ಟ್ ಮುಗಿಯುವ ಹೊತ್ತು, ಕಂಪನಿ ಬಸ್ಸು ಎಲ್ಲಿಯವರೆಗೆ, ಕೊನೆಯ ಸ್ಟಾಪಿನಿಂದ ಮನೆ ಎಷ್ಟು ದೂರ. ಆ ನಾಲ್ವರಲ್ಲಿ ಇಬ್ಬರು ಊರೊಳಗೇ ಟ್ರಾನ್ಸ್‌ಪೋರ್ಟ್ ಆಫೀಸು ಸೇರಿದ್ದಾರೆ, ಇ-ವೇ ಬಿಲ್ ಕೆಲಸ. ಮೊನ್ನೆ ಒಂದು ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡಿದ್ದೆ. ಎಷ್ಟು ಜನ ಬೇಕು ಅನ್ನುವುದಕ್ಕಿಂತ ಮೊದಲು, ನಿಮ್ಮ ಬಸ್ಸು ನಮ್ಮ ಊರಂಚಿನ ಕ್ಯಾತ್ಸಂದ್ರದ ತನಕ ಬರುತ್ತಾ ಅಂತ ಕೇಳಿದೆ. ಕೇಳಿ ಹೇಳ್ತೀನಿ ಅಂದರು. ಇನ್ನೂ ಹೇಳಿಲ್ಲ.