ಕುಕ್ಕರ್‌ಗೆ ಬೈದವನ ಅಲಸಂದೆ ಕಥೆ

ಕಾರವಾರಕ್ಕೆ ಕೆಲಸಕ್ಕೆ ಬಂದು ರೂಮ್ ಮಾಡಿದ ಮೊದಲ ಮಳೆಗಾಲದಲ್ಲಿ ಮೂರು ಸಲ ಅಲಸಂದೆ ಕಾಳಿನ ಸಾರು ಮಾಡಿದೆ, ಮೂರೂ ಸಲ ಕಾಳು ಕಲ್ಲು. ಆರು ಸೀಟಿ ಆಯ್ತು, ಎಂಟಾಯ್ತು, ಆಮೇಲೆ ಎಣಿಸೋದೇ ಬಿಟ್ಟೆ, ಕುಕ್ಕರ್ ಸರಿ ಇಲ್ಲ ಅಂತ ಹೊಸ ಗ್ಯಾಸ್ಕೆಟ್ ತಂದು ಹಾಕಿದ್ದೂ ಆಯ್ತು. ಯಾರೋ ಹೇಳಿದ್ರು ಅಂತ ಅಡುಗೆ ಸೋಡಾ ಹಾಕಿದೆ, ಮೆತ್ತಗೇನೋ ಆಯ್ತು ಮಾರಾಯ್ರೆ, ಆದ್ರೆ ಸಾರು ಸೋಪಿನ ನೀರು ಕುಡಿದ ಹಾಗೆ. ಪೂರ್ತಿ ಚೆಲ್ಲಿದೆ.

ಕೆಳಗಡೆ ಓನರ್ ಅಮ್ಮನ ಮನೆ. ಅವರು ಮೀನಿಲ್ಲದೆ ಊಟ ಮಾಡೋರಲ್ಲ, ಆದ್ರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ, ಅದರ ಬೆನ್ನಿಗೇ ಶ್ರಾವಣ, ಹಂಗಾಗಿ ಅಲ್ಲೂ ಕಾಳಿನ ಸೀಸನ್ನೇ. ಅವರ ಅಡುಗೆಮನೆಯಿಂದ ಬರೋ ಪರಿಮಳ ನನ್ನ ರೂಮಿಗೆ ಬಂದು ಹೊಟ್ಟೆ ಉರಿಸ್ತಿತ್ತು. ಒಂದಿನ ನಾಚಿಕೆ ಬಿಟ್ಟು ಪಾತ್ರೆ ಹಿಡ್ಕೊಂಡೇ ಕೆಳಗೆ ಹೋದೆ. ಒಂದು ಕಾಳು ಬಾಯಿಗೆ ಹಾಕ್ಕೊಂಡ್ರು, ಮುಖ ಕಿವುಚಿದ್ರು. "ಅರೇ ಪುತಾ, ಹುಳಿ ಮೊದ್ಲೇ ಹಾಕಿದ್ಯಾ? ಹುಳಿ ಕಂಡ್ರೆ ಕಾಳು ಸೆಟೆದು ಕೂತ್ಕೊಳ್ತದೆ."

ಹೌದು, ಹಾಕಿದ್ದೆ. ಕಾಳು, ನೀರು, ಹುಳಿಗೆ ನಾಲ್ಕು ಮುರುಗಲ (ಕೋಕಂ) ಸಿಪ್ಪೆ ಎಲ್ಲಾ ಒಟ್ಟಿಗೇ ಹಾಕಿ ಮುಚ್ಚಳ ಮುಚ್ಚೋದು, ಒಂದೇ ಸಲಕ್ಕೆ ಕೆಲಸ ಮುಗೀಲಿ ಅಂತ. ರಾತ್ರಿ ಸಿರ್ಸಿಗೆ ಫೋನ್ ಮಾಡಿ ಹೇಳಿದ್ರೆ ಆಯಿನೂ (ನನ್ನಮ್ಮ) ಅದೇ, "ತಮಾ, ಹುಳಿನ ಮೊದ್ಲೇ ಹಾಕಡ, ಕಾಳು ಬೆಂದ ಮೇಲೆ ಹಾಕವು." ಆಮೇಲೆ ಓದಿ ತಿಳ್ಕೊಂಡೆ, ಕಾಳಿನೊಳಗೆ ಜೀವಕೋಶಗಳನ್ನ ಅಂಟಿಸಿ ಹಿಡಿದಿರೋದು ಪೆಕ್ಟಿನ್, ಅದು ಬಿಸಿಗೆ ಕರಗಿದ್ರೇ ಕಾಳು ಮೆತ್ತಗಾಗೋದು, ಹುಳಿ ನೀರಲ್ಲಿ ಅದು ಸುಲಭಕ್ಕೆ ಕರಗಲ್ಲ. ಗಡಸು ನೀರೂ ಅಷ್ಟೇ, ಅದರಲ್ಲಿರೋ ಕ್ಯಾಲ್ಸಿಯಂ ಪೆಕ್ಟಿನ್ನನ್ನ ಇನ್ನೂ ಗಟ್ಟಿ ಹಿಡಿದುಬಿಡ್ತದೆ. ನಮ್ಮ ಬೋರ್ ನೀರು ಕಾಯಿಸಿದ್ರೆ ಪಾತ್ರೆ ತಳಕ್ಕೆ ಬಿಳಿ ಪೊರೆ ಕಟ್ತದೆ, ಈಗ ನೆನೆಸೋದಕ್ಕೂ ಬೇಯಿಸೋದಕ್ಕೂ ಕುಡಿಯೋ ನೀರೇ. ಉಪ್ಪು ಹಾಕಿದ್ರೆ ಕಾಳು ಬೇಯಲ್ಲ ಅಂತ ಮಾತ್ರ ಎಲ್ಲರೂ ಸುಮ್ನೆ ಹೆದರಿಸ್ತಾರೆ, ನಾನು ನೆನೆಸೋ ನೀರಿಗೇ ಅರ್ಧ ಚಮಚ ಹಾಕ್ತೇನೆ, ಸಿಪ್ಪೆ ಇನ್ನೂ ಮೆತ್ತಗೇ ಆಗ್ತದೆ.

ಇನ್ನೊಂದು ತಪ್ಪು ಕಾಳಿಂದೇ. ನಾನು ಮೊದಲು ತಂದಿದ್ದು ಅಂಗಡಿ ಮೂಲೇಲಿ ಎಷ್ಟು ಮಳೆಗಾಲ ಕಂಡಿತ್ತೋ ದೇವರಿಗೇ ಗೊತ್ತು. ಸೆಕೆ, ತೇವ ಎರಡೂ ತಿಂದು ಹಳತಾದ ಕಾಳು ಎಷ್ಟು ನೆನೆಸಿದ್ರೂ ಬೇಯೋಕೆ ಸತಾಯಿಸ್ತದೆ. ಈಗ ಭಾನುವಾರದ ಸಂತೇಲಿ ಹಳ್ಳಿಯಿಂದ ಬಂದು ನೆಲದ ಮೇಲೆ ಚೀಲ ಹಾಸಿ ಕೂರೋ ಹೆಂಗಸರ ಹತ್ರ ತಗೊಳ್ತೇನೆ. ಭತ್ತದ ಕೊಯ್ಲಾದ ಮೇಲೆ ಗದ್ದೇಲಿ ಉಳಿದ ತೇವದಲ್ಲೇ ಬೆಳೆಯೋ ಕಾಳು, ಗಾತ್ರ ಸಣ್ಣದು, ಆದ್ರೆ ರುಚಿ ಬೇರೇನೇ. ಬೇಸಿಗೇಲಿ ಕುಮಟಾ ಸಿಹಿ ಈರುಳ್ಳಿ ಗೊಂಚಲು ಸಿಕ್ಕಿದ್ರೆ ಅದೂ ಒಂದು ತಂದು ಕಿಟಕಿಗೆ ನೇತು ಹಾಕಿರ್ತೇನೆ.

ಈಗ ಮಾಡೋದು ಹೀಗೆ. ಒಂದು ಲೋಟ ಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೂರು ಸೀಟಿ. ಬೆರಳಲ್ಲಿ ಹಿಸುಕಿದ್ರೆ ಬೆಣ್ಣೆ ಹಾಗೆ ಆಗ್ಬೇಕು, ಅಲ್ಲಿ ತನಕ ಮುಂದಿನ ಕೆಲಸಕ್ಕೆ ಕೈ ಹಾಕೋದಿಲ್ಲ. ಅರ್ಧ ಹೋಳು ಕಾಯಿತುರಿ, ಎಣ್ಣೇಲಿ ಹುರಿದ ಐದಾರು ಬ್ಯಾಡಗಿ ಮೆಣಸು, ಚಿಟಿಕೆ ಅರಿಶಿನ ನುಣ್ಣಗೆ ರುಬ್ಬಿ ಕಾಳಿಗೆ ಹಾಕಿ, ಹೆಚ್ಚಿದ ಈರುಳ್ಳಿ, ಉಪ್ಪು, ಒಂದು ಸಣ್ಣ ಚೂರು ಬೆಲ್ಲ. ಮುರುಗಲ ಸಿಪ್ಪೆ ಈಗ. ಹತ್ತು ನಿಮಿಷ ಕುದಿಸೋದು.

ಕಡೇಲಿ ಜುಮ್ಮನಕಾಯಿ ಅನ್ನೋ ಮಸಾಲೆ ಕಾಯಿ, ಕಾರವಾರದವರು ತೆಫಲ್ ಅಂತಾರೆ. ಚೀನಾದವರ ಸಿಚುವಾನ್ ಪೆಪ್ಪರ್ ಇದರ ದಾಯಾದಿನೇ, ನಾಲಿಗೆ ಜುಮ್ ಅನ್ಸೋದು ಅದಕ್ಕೇ. ಏಳೆಂಟು ಒಣಕಾಯಿ ತಗೊಂಡು ಒಳಗಿನ ಕಪ್ಪು ಬೀಜ ತೆಗೆದು ಬಿಸಾಕಿ, ಸಿಪ್ಪೆ ಮಾತ್ರ ಚೂರು ನೀರಲ್ಲಿ ನೆನೆಸಿ ಜಜ್ಜಿ ಹಾಕ್ಬೇಕು, ಮಸಾಲೆ ಜೊತೆ ರುಬ್ಬಬಾರದು, ನಾನು ಒಮ್ಮೆ ರುಬ್ಬಿ ಇಡೀ ಸಾರು ಕಹಿ ಮಾಡಿಕೊಂಡಿದ್ದೇನೆ. ಊಟದಲ್ಲಿ ಸಿಪ್ಪೆ ಸಿಕ್ಕಿದ್ರೆ ಬದಿಗೆ ಇಟ್ರಾಯ್ತು.

ಒಗ್ಗರಣೆ ವಿಷ್ಯಕ್ಕೆ ಓನರ್ ಅಮ್ಮಂಗೂ ನಂಗೂ ದೊಡ್ಡ ಚರ್ಚೆ ಆಯ್ತು. ಒಗ್ಗರಣೆ ಇಲ್ಲದ ಸಾರು ಅಂದ್ರೆ ನಂಗೆ ಜ್ವರ ಬಂದವರ ಊಟ. ಅವರು ಒಪ್ಪಲೇ ಇಲ್ಲ, "ಸಾಸಿವೆ ಇಂಗು ಹಾಕಿದ್ರೆ ತೆಫಲ್ ಪರಿಮಳ ಎಲ್ಲಿ ಉಳೀತದೆ? ಗ್ಯಾಸ್ ಬಂದ್ ಮಾಡಿ ಮೇಲಿಂದ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕು, ಕಾಯಿಸ್ಬೇಡ, ಮುಚ್ಚಿಡು." ಅನುಮಾನದಲ್ಲೇ ಹಾಕಿ ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದೆ. ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ಎರಡು ತುತ್ತು ತಿಂದಿದ್ದೇ ಸೈ, ಅವತ್ತಿಂದ ಈ ಸಾರಿಗೆ ಒಗ್ಗರಣೆ ಸೌಟು ಮುಟ್ಟಿಲ್ಲ. ಆಯಿಗೆ ಮಾತ್ರ ಇನ್ನೂ ಹೇಳಿಲ್ಲ.

ಒಂದು ಬಟ್ಟಲು ಕೆಳಗೂ ಕೊಟ್ಟು ಬಂದೆ. ಸಂಜೆ ಬಟ್ಟಲು ತೊಳೆದು ವಾಪಸ್ ಕೊಡ್ತಾ ಹೇಳಿದ್ರು, "ಕಾಳು ಬೆಂದಿದೆ. ಉಪ್ಪು ಕಮ್ಮಿ."